ಶುಗರ್ ಎಂದು ಹೇಳಿಕೊಂಡ ಹನ್ನೊಂದು ವರ್ಷ

ಪೈನಿ ಫೋರ್ಕ್, ಅಲಬಾಮಾ
ಸೋಮವಾರ, 20 ಮೇ 2019

ನನ್ನ ಮುದ್ದಿನ ಡೆನೀಟಾ,

ನಿನ್ನ ಸೊಂಟನೋವು ಈಗ ಹೇಗಿದೆ? ಶಾಲೆಯ ಆಫೀಸಿನಲ್ಲಿ ಆ ಹಳೆಯ ಕುರ್ಚಿ ಬದಲಾಯಿಸಿಕೊಡಿ ಎಂದು ಕೇಳು ಅಂದಿದ್ದೆ. ನೀನು ಕೇಳಿರುವುದಿಲ್ಲ, ನನಗೆ ಗೊತ್ತು. ಚಿಕ್ಕವಳಿದ್ದಾಗಲೂ ಶೂ ಕಚ್ಚಿದರೆ ಬಾಯಿಬಿಡದೆ ಕುಂಟುತ್ತಲೇ ಶಾಲೆಗೆ ಹೋಗಿ ಬರುತ್ತಿದ್ದೆ; ಸಂಜೆ ಕಾಲುಚೀಲ ಬಿಚ್ಚಿದಾಗಲೇ ನನಗೆ ರಕ್ತ ಕಾಣುತ್ತಿದ್ದದ್ದು. ಈ ಗುಣ ಯಾರಿಂದ ಬಂತೆಂದು ದೂರ ಹೋಗಿ ಹುಡುಕಬೇಕಾಗಿಲ್ಲ ಬಿಡು. ನನ್ನ ಮೊಮ್ಮಗಳು ನಾಯಾಳ ಅಲುಗಾಡುತ್ತಿದ್ದ ಹಲ್ಲು ಬಿತ್ತೇ? ಬಿದ್ದಿದ್ದರೆ ಆ ಬೊಚ್ಚುಬಾಯಿಯ ಫೋಟೋ ಒಂದು ಕಳಿಸು. ನಾನು ಚೆನ್ನಾಗಿದ್ದೇನೆ. ಎಂಟನೇ ತಾರೀಕು ಕ್ಲಿನಿಕ್‌ಗೆ ಹೋಗಿದ್ದೆ. ಡಾಕ್ಟರಮ್ಮ ಎಂದಿನಂತೆ ಕಾಗದ ತೋರಿಸಿ, ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗುವಷ್ಟೂ ಇಲ್ಲ, ಮಾತ್ರೆ ತಪ್ಪಿಸಬೇಡಿ, ನೀವು ನನಗಿಂತ ಹೆಚ್ಚು ದಿನ ಬದುಕುತ್ತೀರಿ ಎಂದು ನಕ್ಕರು. ನಲವತ್ತು ಮೈಲಿ ದೂರ ಕಾರು ಓಡಿಸಿಕೊಂಡು ಹೋಗುವುದೇ ಆ ನಗುವಿಗಾಗಿ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನನ್ನ ಮೈಯಲ್ಲಿ ಏನಿದೆ ಎಂದು ಗೊತ್ತಿದ್ದೂ ನನ್ನ ಕೈ ಹಿಡಿದು ಮಾತಾಡುವವರು ಅವರೊಬ್ಬರೇ.

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಹೆದರಿ ಮಾತು ಬದಲಿಸುತ್ತೇನೆ. ಕೂತುಕೊಂಡು ಓದು. ನಿನಗೆ ಕೊಟ್ಟಿದ್ದ ಮಾತನ್ನು ನಾನು ನಿನ್ನೆ ಮುರಿದೆ. ನಮ್ಮ ಚರ್ಚಿನಲ್ಲಿ, ಪಾದ ತೊಳೆಯುವ ಭಾನುವಾರದ ದಿನ, ನನಗೆ ಎಚ್‌ಐವಿ ಇದೆ ಎಂದು ಬಾಯಿಬಿಟ್ಟು ಹೇಳಿದೆ. ಇಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿದೆ. ನಿನ್ನ ಅತ್ತೆ ಮಾವನವರೆಗೆ ಸುದ್ದಿ ತಲುಪಲು ಎಷ್ಟು ದಿನ ಬೇಕೋ ಕಾಣೆ. ಜುಲೈನಲ್ಲಿ ನಾಯಾಳನ್ನು ಕರೆದುಕೊಂಡು ಬರುತ್ತೇನೆ ಎಂದು ನೀನು ಹೇಳಿದ್ದೆ. ಇದನ್ನು ಓದಿದ ಮೇಲೂ ಬರುತ್ತೀಯೋ ಇಲ್ಲವೋ ಎನ್ನುವುದೊಂದೇ ನಿನ್ನೆಯಿಂದ ನನ್ನ ತಲೆ ತಿನ್ನುತ್ತಿದೆ.

ನಿನ್ನನ್ನು ದೂರುತ್ತಿಲ್ಲ. ನಿನ್ನಪ್ಪ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ ವಾರವೇ ಡಾಕ್ಟರು ನನ್ನ ರಕ್ತವನ್ನೂ ಪರೀಕ್ಷೆ ಮಾಡಿ, ಅವರು ಬಿಟ್ಟುಹೋದದ್ದು ಏನೆಂದು ಹೇಳಿದಾಗ ನಿನ್ನ ಮದುವೆಗೆ ನಾಲ್ಕು ತಿಂಗಳಿತ್ತು. ಮಾರ್ಕೆಲ್‌ನ ಅಪ್ಪ ದೊಡ್ಡ ಚರ್ಚಿನ ಹಿರಿಯರು. ನೀನೇ ಅಡುಗೆಮನೆಯಲ್ಲಿ ನನ್ನ ಭುಜ ಹಿಡಿದು ಕೂರಿಸಿ, "ಶುಗರ್ ಅಂತ ಹೇಳಮ್ಮಾ. ಆಮೇಲೆ ಯಾರೂ ಇನ್ನೇನೂ ಕೇಳಲ್ಲ," ಅಂದೆ. ಎಷ್ಟು ಸರಿಯಾಗಿ ಹೇಳಿದ್ದೆ ಮಗಳೇ. ನಮ್ಮ ಚರ್ಚಿನಲ್ಲಿ ಅರ್ಧ ಹೆಂಗಸರಿಗೆ ಶುಗರ್, ಉಳಿದರ್ಧಕ್ಕೆ ಬರುವ ಸೂಚನೆ. ಮಾತ್ರೆ ನುಂಗಿದರೆ ಶುಗರ್, ತೂಕ ಇಳಿದರೆ ಶುಗರ್, ಮೂರು ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋದರೆ ಶುಗರ್. ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ.

ಆದರೆ ಇಲ್ಲದ ಕಾಯಿಲೆಯ ಜೊತೆ ಸಂಸಾರ ಮಾಡುವುದು ಸುಲಭವಲ್ಲ. ಹನ್ನೊಂದು ವರ್ಷ ಚರ್ಚಿನ ಊಟಗಳಲ್ಲಿ ನಾನು ಪೀಚ್ ಕಾಬ್ಲರ್‌ನಂಥ ಸಿಹಿ ತಿಂಡಿ ಮುಟ್ಟಿಲ್ಲ. ನಮ್ಮ ಚರ್ಚಿನ ಸಿಸ್ಟರ್ ವರ್ನೀಸ್ ನನಗೆಂದೇ ಸಕ್ಕರೆ ಹಾಕದ ಪೈ ಮಾಡಿ ತರುತ್ತಿದ್ದಳು. ರಟ್ಟಿನ ಪೆಟ್ಟಿಗೆ ನೆನೆಸಿ ಬೇಯಿಸಿದ ಹಾಗಿರುತ್ತಿತ್ತು. ಅವಳು ಎದುರಿಗೇ ನಿಂತು ನೋಡುತ್ತಿದ್ದುದರಿಂದ ಪೂರ್ತಿ ತಿಂದು, ಬಾಯಿ ಚಪ್ಪರಿಸಿ, ಇನ್ನೊಂದು ಚೂರು ಕೇಳುತ್ತಿದ್ದೆ. ಮನೆಗೆ ಬಂದ ಮೇಲೆ ಪರದೆ ಎಳೆದು, ಬೀರುವಿನಲ್ಲಿ ಬಟ್ಟೆಗಳ ಹಿಂದೆ ಮುಚ್ಚಿಟ್ಟ ಕೇಕು ತಿನ್ನುತ್ತಿದ್ದೆ. ಅರವತ್ತು ದಾಟಿದ ಹೆಂಗಸು ತನ್ನ ಮನೆಯಲ್ಲಿ ತಾನೇ ಕದ್ದು ತಿನ್ನುವುದನ್ನು ನೆನೆಸಿಕೊಂಡರೆ ನಿನಗೂ ನಗು ಬರುತ್ತದೆ. ನನಗೂ ಬರುತ್ತಿತ್ತು. ನಗಲು ಜೊತೆಗೆ ಯಾರೂ ಇರಲಿಲ್ಲ, ಅಷ್ಟೆ.

ಪಾದ ತೊಳೆಯುವುದಕ್ಕೂ ಅದೇ ನೆಪ. ಶುಗರ್‌ನವರು ಕಾಲು ನೆನೆಸಬಾರದು ಎಂದು ಡಾಕ್ಟರು ಹೇಳಿದ್ದಾರೆ ಎಂದುಬಿಟ್ಟೆ. ಪ್ರತಿ ಮೇ ತಿಂಗಳಲ್ಲಿ ಉಳಿದ ಹೆಂಗಸರು ಸೊಂಟಕ್ಕೆ ಬಿಳಿಯ ಉದ್ದ ಟವೆಲ್ ಕಟ್ಟಿಕೊಂಡು ಬೇಸಿನ್ ಇಟ್ಟುಕೊಂಡು, ಯೇಸು ಶಿಷ್ಯರಿಗೆ ಮಾಡಿದ ಹಾಗೆ ಒಬ್ಬರ ಪಾದ ಒಬ್ಬರು ತೊಳೆಯಲು ಎದುರುಬದುರು ಕೂತರೆ, ನಾನು ಹಿಂದಿನ ಬೆಂಚಿನಲ್ಲಿ ಶೂ ಬಿಚ್ಚದೆ ಕೂತು ಹಾಡಿಗೆ ದನಿಗೂಡಿಸುತ್ತಿದ್ದೆ. ನೀರಿನಿಂದ, ಟವೆಲಿನಿಂದ ಯಾರಿಗೂ ಏನೂ ಹರಡುವುದಿಲ್ಲ ಎಂದು ನನಗೆ ಮೊದಲ ವರ್ಷವೇ ಗೊತ್ತಿತ್ತು. ನನ್ನನ್ನು ತಡೆದದ್ದು ಆ ಪ್ರಶ್ನೆ. ಮಂಡಿಯೂರಿದವಳು ನೀರಿಗೆ ಕೈ ಹಾಕುವ ಮೊದಲು ಎದುರಿನವಳನ್ನು ಕೇಳಬೇಕಲ್ಲ, ನನ್ನ ಬಗ್ಗೆ ನಿನ್ನ ಮನಸ್ಸಿನಲ್ಲಿ ಏನಾದರೂ ಇದೆಯಾ ಎಂದು. ಅವಳಿಗೆ ಗೊತ್ತಿರಬೇಕಾದದ್ದನ್ನೇ ಮುಚ್ಚಿಟ್ಟುಕೊಂಡು ಆ ಮಾತು ಕೇಳಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಅದರಲ್ಲೂ ನನ್ನ ಎದುರಿನವಳು ಯಾವಾಗಲೂ ಆರ್ಜೂಲಾ.

ನೀನು ಹುಟ್ಟಿದಾಗ ನನಗಿಂತ ಮೊದಲು ನಿನ್ನನ್ನು ಎತ್ತಿಕೊಂಡವಳು ಅವಳು. ಕಾಲುಚೀಲದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನನ್ನ ಪಕ್ಕದ ಯಂತ್ರದಲ್ಲಿ ಕೂತು, ಆ ಗದ್ದಲದಲ್ಲೂ ನಾನು ಏನು ಗೊಣಗಿದೆ ಎಂದು ತುಟಿ ನೋಡಿಯೇ ಹೇಳುತ್ತಿದ್ದವಳು. ಅವಳಿಗೆ ಮಕ್ಕಳಿಲ್ಲ, ತಂಗಿಯ ಮಗಳು ಕಾರ್ಲೆಸಾ ಒಬ್ಬಳು ನೋಡಿಕೊಳ್ಳುತ್ತಾಳೆ. ನಾಲ್ಕು ವರ್ಷದ ಹಿಂದೆ ಅವಳಿಗೆ ಶುಗರ್ ಬಂತು, ನಿಜವಾದ ಶುಗರ್. ಚರ್ಚಿನವರೆಲ್ಲ ನನ್ನ ಕಡೆಗೇ ಬೆರಳು ತೋರಿಸಿ ಅವಳಿಗೆ ಹೇಳಿದ್ದು ಒಂದೇ ಮಾತು: ಲುಡೆಲ್‌ನ ಕೇಳು, ಅವಳಷ್ಟು ಕಟ್ಟುನಿಟ್ಟು ಯಾರೂ ಇಲ್ಲ. ಅವಳು ತನ್ನ ರಕ್ತ ನೋಡುವ ಮಿಷನ್ ಹಿಡಿದುಕೊಂಡು ನನ್ನ ವರಾಂಡಕ್ಕೆ ಬಂದಳು. ಬೆರಳಿಗೆ ಚುಚ್ಚಿಕೊಂಡು, ಇನ್ನೂರ ನಲವತ್ತು ಬಂತಲ್ಲೇ ಎಂದು ಮುಖ ಸಣ್ಣ ಮಾಡಿಕೊಂಡು, ನಿನ್ನದೆಷ್ಟು ಎಂದು ಕೇಳಿದಳು. ನಾನು ಮನೆಯಲ್ಲೇ ನೋಡಿಕೊಂಡೆ, ನೂರಾ ಹತ್ತು ಎಂದೆ. ಎಲ್ಲಿಂದ ಬಂತೋ ಆ ಸಂಖ್ಯೆ. ಆಮೇಲೆ ಪ್ರತಿ ಗುರುವಾರ ಬರುತ್ತಿದ್ದಳು. ನನ್ನದು ಒಂದು ವಾರ ನೂರಾ ಹತ್ತು, ಒಂದು ವಾರ ನೂರಾ ಹದಿನೈದು. ಅವಳದು ಇಳಿಯುತ್ತಲೇ ಇರಲಿಲ್ಲ. ತಾನು ಪಾಪಿ, ಬಾಯಿ ಕಟ್ಟಲು ಬರುವುದಿಲ್ಲ, ನಿನ್ನ ಹಾಗೆ ಮನಸ್ಸು ಗಟ್ಟಿ ಇಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಕೇಳಿಕೊಂಡು ಕೂತಿರುತ್ತಿದ್ದೆ ನಾನು, ಬೀರುವಿನಲ್ಲಿ ಕೇಕು ಇಟ್ಟುಕೊಂಡು. ಆದರೂ ನಿಜ ಹೇಳುತ್ತೇನೆ, ನಿನ್ನಪ್ಪ ಹೋದ ಮೇಲೆ ನನ್ನ ಮನೆಗೆ ಜನವೆಂದು ಬರುತ್ತಿದ್ದದ್ದು ಆ ಗುರುವಾರಗಳಲ್ಲೇ. ಆ ಸುಳ್ಳು ಹೋದರೆ ಗುರುವಾರಗಳೂ ಹೋಗುತ್ತವೆ ಎಂಬ ಭಯ ನನಗಿತ್ತು.

ಫೆಬ್ರವರಿಯಲ್ಲಿ ಹೊಸ ಶೂ ಕಚ್ಚಿ ಅವಳ ಎಡಗಾಲಿನ ಬೆರಳ ಸಂದಿಯಲ್ಲಿ ಹುಣ್ಣಾಯಿತು. ನನ್ನ ಮುಂದೆ ಕಾಲು ಚಾಚಿ, ನಿನಗೂ ಹೀಗಾಗುತ್ತಾ, ಇದನ್ನ ಡಾಕ್ಟರಿಗೆ ತೋರಿಸಬೇಕಾ ಎಂದು ಕೇಳಿದಳು. ತೋರಿಸು ಎನ್ನಲು ನನಗೇನಾಗಿತ್ತು? ಕೇಳು, ಏನಾಗಿತ್ತೆಂದರೆ, ಅವಳು ಒಂದು ವರ್ಷದಿಂದ ನನ್ನ ಬೆನ್ನು ಹತ್ತಿದ್ದಳು. ನಿನಗೆ ಇಷ್ಟು ಚೆನ್ನಾಗಿ ನೋಡುವ ಡಾಕ್ಟರು ಯಾರು, ಮುಂದಿನ ಸಲ ನನ್ನನ್ನೂ ಕರೆದುಕೊಂಡು ಹೋಗು ಎಂದು. ಡಾಕ್ಟರು ಅಂದರೆ ಸಾಕು, ಅವಳು ನನ್ನ ಕಾರು ಹತ್ತಿ ಕೂರುತ್ತಿದ್ದಳು. ನನ್ನ ಕ್ಲಿನಿಕ್ಕಿನ ಬಾಗಿಲ ಮೇಲೆ ಏನು ಬರೆದಿದೆ ಎಂದು ನಿನಗೆ ಗೊತ್ತಲ್ಲ. ನಾನು, "ಅಯ್ಯೋ, ನನಗೂ ಆಗಿತ್ತು ಕಣೇ. ಮುಲಾಮು ಹಚ್ಚಿ ಬಟ್ಟೆ ಸುತ್ತು, ಎರಡು ವಾರದಲ್ಲಿ ಹೋಗುತ್ತೆ," ಎಂದೆ. ಅವಳು ನಿರಾಳವಾಗಿ ನಕ್ಕು ಕಾಲುಚೀಲ ಹಾಕಿಕೊಂಡಳು.

ಎರಡು ವಾರಕ್ಕೆ ಹೋಗಲಿಲ್ಲ. ನೋವಿಲ್ಲವಲ್ಲ, ವಾಸಿಯಾಗುತ್ತಿದೆ ಎಂದು ಅವಳೂ ಅಂದುಕೊಂಡಳು, ಕಾರ್ಲೆಸಾಗೂ ತೋರಿಸಲಿಲ್ಲ. ಲುಡೆಲ್‌ಗೂ ಹೀಗೇ ಆಗಿತ್ತು ಎಂದು ತಾನೇ ಧೈರ್ಯ ಹೇಳಿಕೊಂಡಿದ್ದಾಳೆ. ಏಪ್ರಿಲ್ ಕೊನೆಯಲ್ಲಿ ಬೆರಳು ಕಪ್ಪಾಗಿ ವಾಸನೆ ಬಂದ ಮೇಲೆ ಆಸ್ಪತ್ರೆಗೆ ಹೋದರು. ಇನ್ನೊಂದು ತಿಂಗಳು ಮೊದಲು ಬಂದಿದ್ದರೆ ಬೆರಳಿನಲ್ಲೇ ಮುಗಿಯುತ್ತಿತ್ತು ಎಂದರಂತೆ. ನಾಳೆ, ಮಂಗಳವಾರ, ಮಂಡಿಯ ಕೆಳಗೆ ಕಾಲು ತೆಗೆಯುತ್ತಾರೆ. ಈ ವಿಷಯ ನಿನಗೆ ಫೋನಿನಲ್ಲಿ ಹೇಳಿದಾಗ ನೀನು, ಪಾಪ ಆರ್ಜೂಲಾ ಆಂಟಿ, ಎಂದೆ. ನನ್ನ ಪಾಲು ಅದರಲ್ಲಿ ಎಷ್ಟು ಎಂದು ನಾನು ನಿನಗೂ ಹೇಳಿರಲಿಲ್ಲ. ಮೂರು ವಾರದಿಂದ ಅನ್ನ ನೀರು ಸೇರಿಲ್ಲ.

ನಿನ್ನೆ ಅವಳನ್ನು ಗಾಲಿಕುರ್ಚಿಯಲ್ಲಿ ಚರ್ಚಿಗೆ ಕರೆತಂದರು. ಎಡಗಾಲಿಗೆ ಮಂಡಿಯವರೆಗೆ ಬ್ಯಾಂಡೇಜ್. ರೊಟ್ಟಿ ಮುರಿದು, ವೈನ್ ಹಂಚಿ, ಬೇಸಿನ್‌ಗಳನ್ನು ಇಡುತ್ತಿದ್ದಂತೆ ಅವಳು ಕಾರ್ಲೆಸಾಗೆ ಹೇಳಿ ಕುರ್ಚಿಯನ್ನು ಸೀದಾ ಹಿಂದಿನ ಬೆಂಚಿಗೆ, ನನ್ನ ಮುಂದಕ್ಕೆ ತಳ್ಳಿಸಿಕೊಂಡು ಬಂದಳು. "ಏಳೇ ಲೂ. ನಿನ್ನ ಕಾಲು ಒಣಗೇ ಇರಲಿ, ನಿನ್ನ ಡಾಕ್ಟ್ರಿಗೆ ಬೇಜಾರು ಮಾಡೋದು ಬೇಡ. ನನ್ನದನ್ನ ತೊಳಿ. ನಾಳಿದ್ದರ ಮೇಲೆ ಇರೋದು ಒಂದೇ ಕಾಲು, ಅದು ನಿನ್ನ ಕೈಯಲ್ಲೇ ತೊಳೆಸಿಕೊಳ್ಳಲಿ," ಎಂದಳು. ಇಡೀ ಚರ್ಚು ತಿರುಗಿ ನೋಡಿತು. ನಮ್ಮ ಪಾದ್ರಿ ಎಲ್ಡರ್ ಹಾಲೊವೆಲ್ ಕಣ್ಣು ಒರೆಸಿಕೊಂಡರು. ನಾನು ಎದ್ದೆ. ವರ್ನೀಸ್ ನನ್ನ ಸೊಂಟಕ್ಕೆ ಟವೆಲ್ ಕಟ್ಟಿದಳು. ಮಂಡಿಯೂರಿದೆ. ಎಷ್ಟು ವರ್ಷವಾಗಿತ್ತು ಆ ನೆಲ ಮುಟ್ಟಿ.

ಆ ಪ್ರಶ್ನೆ ಕೇಳಲೇಬೇಕಿತ್ತು, ಕೇಳಿದೆ. ನನ್ನ ಬಗ್ಗೆ ನಿನ್ನ ಮನಸ್ಸಿನಲ್ಲಿ ಏನಾದರೂ ಇದೆಯಾ? ಏನಿರುತ್ತೆ, ಹುಚ್ಚಿ, ಎಂದು ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಡೆನೀಟಾ, ಅವಳ ಬಲಗಾಲು ನನ್ನ ಅಂಗೈಯಲ್ಲಿತ್ತು, ಬ್ಯಾಂಡೇಜ್ ಸುತ್ತಿದ ಎಡಗಾಲು ಕಣ್ಣ ಮುಂದೆ. ನಿನ್ನ ಮುಖ ನೆನಪಾಯಿತು, ಮಾತು ಕೊಟ್ಟದ್ದೂ ನೆನಪಾಯಿತು. ಆದರೂ ಬಾಯಿಂದ ಬಂದೇ ಬಿಟ್ಟಿತು. "ನನಗಿರೋದು ಶುಗರ್ ಅಲ್ಲ, ಆರ್ಜೂಲಾ. ಎಚ್‌ಐವಿ. ಹನ್ನೊಂದು ವರ್ಷ ಆಯ್ತು."

ಹೆಂಗಸರು ಹಾಡುತ್ತಿದ್ದರು, ಅವಳಿಗೆ ಕೇಳಿಸಲಿಲ್ಲವೇನೋ ಅಂದುಕೊಂಡೆ. ಆದರೆ ಅವಳು ನನ್ನ ತುಟಿ ನೋಡುತ್ತಿದ್ದಳು, ಕಾರ್ಖಾನೆಯಲ್ಲಿ ನೋಡುತ್ತಿದ್ದ ಹಾಗೆಯೇ. ನನ್ನ ತಲೆಯ ಮೇಲಿದ್ದ ಕೈ ತೆಗೆದಳು. ನಾನು ಅದಕ್ಕೆ ಸಿದ್ಧವಾಗಿದ್ದೆ, ಹನ್ನೊಂದು ವರ್ಷ ಸಿದ್ಧವಾಗಿಯೇ ಇದ್ದೆ. ಮುಂದಿನದಕ್ಕೆ ಸಿದ್ಧವಾಗಿರಲಿಲ್ಲ. ಆ ನೂರಾ ಹತ್ತು, ಎಂದು ಕೇಳಿದಳು. ಸುಳ್ಳು ಎಂದೆ. ನಿನ್ನ ಕಾಲಿಗೆ ಆಗಿದ್ದ ಹುಣ್ಣು? ಅದೂ ಸುಳ್ಳು ಎಂದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು. ಅವಳು ಬ್ಯಾಂಡೇಜನ್ನೇ ನೋಡುತ್ತ, "ಅವತ್ತೇ ಹೇಳಿದ್ರೆ ಆ ಕಾಯಿಲೆಗೆ ನಾನು ಹೆದರ್ತಿದ್ದೆನೇನೋ. ಹೆದರ್ತಿರಲಿಲ್ಲ ಅಂತ ಈಗ ಹೇಳಲಾರೆ. ಆದ್ರೆ ಕಾಲು ಉಳೀತಿತ್ತು, ಲೂ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾಳೆಂದು ಕಾದೆ. ಎಳೆದುಕೊಳ್ಳಲಿಲ್ಲ. "ನೀರು ತಣ್ಣಗಾಗ್ತಿದೆ, ತೊಳಿ," ಎಂದಳು.

ತೊಳೆದೆ. ಬೆರಳ ಸಂದಿಯೆಲ್ಲ ನಿಧಾನವಾಗಿ ತೊಳೆದು ಒರೆಸಿದೆ. ಆಮೇಲೆ ಇಬ್ಬರೂ ಅಪ್ಪಿಕೊಳ್ಳಬೇಕು. ಅವಳು ಅಪ್ಪಿಕೊಳ್ಳಲಿಲ್ಲ. ಕಾರ್ಲೆಸಾಗೆ ಕೈಸನ್ನೆ ಮಾಡಿ ಮುಂದಿನ ಬೆಂಚಿನ ಹತ್ತಿರ ಹೋದಳು. ನಾನು ಮಂಡಿಯ ಮೇಲೇ ಉಳಿದೆ. ಪಕ್ಕದಲ್ಲಿದ್ದ ವರ್ನೀಸ್‌ಗೆ ಎಲ್ಲ ಕೇಳಿಸಿತ್ತು. ಅವಳು ನನ್ನ ಸೊಂಟದ ಟವೆಲ್ ಬಿಚ್ಚಲು ಬರಲಿಲ್ಲ. ನಾನೇ ಬಿಚ್ಚಿಕೊಂಡು ಮಡಿಸಿ ಉಳಿದವುಗಳ ಜೊತೆ ಇಟ್ಟೆ. ಹೊರಡುವಾಗ ನೋಡಿದರೆ ಉಳಿದ ಟವೆಲ್‌ಗಳನ್ನು ಬುಟ್ಟಿಗೆ ತುಂಬಿದ್ದರು, ಅದೊಂದು ಬೆಂಚಿನ ಮೇಲೇ ಇತ್ತು. ತಂದು ಮನೆಯಲ್ಲಿ ಒಗೆದು ಹಾಕಿದ್ದೇನೆ.

ಇವತ್ತು ಬೆಳಿಗ್ಗೆ ಎಲ್ಡರ್ ಹಾಲೊವೆಲ್ ಅವರ ಹೆಂಡತಿಯ ಫೋನ್ ಬಂತು. ದನಿಯಲ್ಲಿ ಜೇನು ಸುರಿಯುತ್ತಿತ್ತು. "ಸಿಸ್ಟರ್ ಲುಡೆಲ್, ಜುಲೈನಲ್ಲಿ ಚರ್ಚಿನ ಊಟಕ್ಕೆ ನೀವೇನೂ ಮಾಡ್ಕೊಂಡು ಬರೋ ತೊಂದರೆ ತಗೋಬೇಡಿ. ನಿಮ್ಮ ಆರೋಗ್ಯ ನೋಡ್ಕೊಳ್ಳಿ, ಸಾಕು." ಮೂವತ್ತು ವರ್ಷದಿಂದ ಆ ಊಟಕ್ಕೆ ಕೋಳಿ ಹುರಿದು ಒಯ್ಯುತ್ತಿದ್ದವಳು ನಾನು, ಯಾರೂ ಒಂದು ತುಂಡು ಉಳಿಸಿದ್ದಿಲ್ಲ. ಆಯಿತಮ್ಮ, ಎಂದು ಇಟ್ಟೆ. ಆಮೇಲೆ ಹಟಕ್ಕೆ ಬಿದ್ದು ಬೆಣ್ಣೆಯ ಪೌಂಡ್ ಕೇಕು ಒಂದನ್ನು ಬೇಯಿಸಿದೆ. ಪರದೆ ಎಳೆಯದೆ, ಮುಂದಿನ ವರಾಂಡದಲ್ಲಿ, ರಸ್ತೆಗೆ ಕಾಣುವ ಹಾಗೆ ಕೂತು ತಿಂದೆ. ಎರಡು ಕಾರು ಹೋದವು, ಎರಡರಲ್ಲೂ ಗುರುತಿನವರೇ. ಕೈಯೆತ್ತಿ ಬೀಸಿದೆ, ಅವರು ಬೀಸಲಿಲ್ಲ. ಕೇಕು ಚೆನ್ನಾಗಿತ್ತು. ಎರಡನೇ ತುಂಡು ಸೇರಲಿಲ್ಲ.

ಆರ್ಜೂಲಾ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ. ಕ್ಷಮಿಸು ಎಂದು ಕೇಳುವುದೂ ಅವಳ ಮೇಲೆ ಇನ್ನೊಂದು ಭಾರ ಹೊರಿಸಿದ ಹಾಗೆ ಅನ್ನಿಸುತ್ತದೆ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಆಪರೇಷನ್ ಕೋಣೆಯ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಒಳಗೆ ಬಿಟ್ಟರೆ ಬಿಡಲಿ, ಇಲ್ಲದಿದ್ದರೆ ಅಲ್ಲೇ ಇರುತ್ತೇನೆ. ಗುರುವಾರ ಅವಳು ಬರುವುದಿಲ್ಲ ಎಂದು ಗೊತ್ತು. ಬರಲು ಆಗುವುದೂ ಇಲ್ಲ. ಆದರೂ ವರಾಂಡದ ಎರಡು ಕುರ್ಚಿಗಳಲ್ಲಿ ಒಂದನ್ನು ಒಳಗೆ ತೆಗೆದಿಡಲು ನನಗೆ ಮನಸ್ಸಾಗುತ್ತಿಲ್ಲ.

ನಿನ್ನ ಸಂಸಾರಕ್ಕೆ ಇದರಿಂದ ತೊಂದರೆಯಾದರೆ ಆ ತಪ್ಪು ನನ್ನದು, ನಿನ್ನ ಅತ್ತೆ ಮಾವನಿಗೆ ಹಾಗೆಂದೇ ಹೇಳು. ಬೇಕಿದ್ದರೆ ನಾನೇ ಅವರಿಗೊಂದು ಕಾಗದ ಬರೆಯುತ್ತೇನೆ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ, ಆ ಕುರ್ಚಿಯ ವಿಷಯ ನಾಚಿಕೆ ಬಿಟ್ಟು ಕೇಳು. ಮಾರ್ಕೆಲ್‌ನನ್ನು ವಿಚಾರಿಸಿದೆನೆಂದು ಹೇಳು. ನಾಯಾಳ ಎರಡೂ ಕೆನ್ನೆಗೆ ನನ್ನ ಮುತ್ತು. ನಿಮ್ಮ ಮೂವರ ಮನೆಬಾಗಿಲನ್ನು ದೇವರು ಹಗಲಿರುಳು ಕಾಯಲಿ.

ನಿನ್ನ ಅಮ್ಮ,
ಲುಡೆಲ್

ತಾ.ಕ.: ಲಕೋಟೆ ಅಂಟಿಸಲು ಹೊರಟವಳು ಮತ್ತೆ ತೆಗೆದೆ. ಹೇಳಬೇಕಾದದ್ದು ಇದೇ, ಮೇಲಿನದೆಲ್ಲ ಇದನ್ನು ಬರೆಯುವ ಧೈರ್ಯಕ್ಕೆ. ಕಳೆದ ಕ್ರಿಸ್‌ಮಸ್‌ಗೆ ಬಂದಾಗ ನೀನು ಕಾಗದದ ತಟ್ಟೆ, ಪ್ಲಾಸ್ಟಿಕ್ ಚಮಚದ ಕಟ್ಟು ತಂದಿದ್ದೆ, ಅಮ್ಮನಿಗೆ ಪಾತ್ರೆ ತೊಳೆಯುವ ಕೆಲಸ ತಪ್ಪಲಿ ಎಂದು. ನಾಯಾ ನನ್ನ ಲೋಟಕ್ಕೆ ಬಾಯಿ ಹಾಕಿದಾಗ ನೀನು ಮಾತಿಲ್ಲದೆ ಎದ್ದು ಅದನ್ನು ಕಿತ್ತುಕೊಂಡು ಹೋಗಿ ಚೆಲ್ಲಿದೆ. ನಾನು ನೋಡಿಲ್ಲವೆಂದು ನೀನು ಅಂದುಕೊಂಡೆ. ನೋಡಿದ್ದೆ. ಬೈಯುತ್ತಿಲ್ಲ ಮಗಳೇ. ಹೆದರ್ತಿದ್ದೆನೇನೋ ಎಂದು ಆರ್ಜೂಲಾ ನನ್ನ ಮುಖ ನೋಡಿಯೇ ಹೇಳಿದಳು, ಅದನ್ನು ಕೇಳಿಯೂ ನಾನು ಬದುಕಿದ್ದೇನೆ. ಜುಲೈನಲ್ಲಿ ಬಂದರೆ ನನ್ನ ತಟ್ಟೆಯಲ್ಲಿ ಉಣ್ಣಲು ಬಾ. ಆಗುವುದಿಲ್ಲವಾದರೆ, ಅಮ್ಮಾ ನನಗೆ ನಿನ್ನನ್ನು ಕಂಡರೆ ಭಯ ಎಂದೇ ಬರೆ, ಓದಿಕೊಳ್ಳುತ್ತೇನೆ. ಮಾರ್ಕೆಲ್‌ಗೆ ರಜೆ ಸಿಗಲಿಲ್ಲ ಎಂದು ಮಾತ್ರ ಬರೆಯಬೇಡ.